ಯಾವ ಕುರ್ಚಿಯಿಂದ ಕಂಡಿತು?

ಜೂನ್ 4, ಮಂಗಳವಾರ

ಮತ್ತೆ ಕೆಂಪು. ಸಂಜೆ ಕ್ಲಾಸಿನಲ್ಲಿ ಅಸೈನ್‌ಮೆಂಟ್ ವಾಪಸ್ ಬಂತು. ಪಕ್ಕದ ಬೆಂಚಿನವಳು ಬಗ್ಗಿ ನೋಡಿ, "ಅಯ್ಯೋ, ಏಟು ಜೋರಾಗೇ ಬಿದ್ದಿದೆ" ಅಂದಳು. ಅವಳದ್ದೇನು ಕಡಿಮೆ ಇರಲಿಲ್ಲ. ಮುಚ್ಚಿಟ್ಟುಕೊಂಡಿದ್ದಳು, ಅಷ್ಟೆ.

ನನ್ನ ಮೊದಲ ಸಾಲು — "ಎಲ್ಲರಿಗೂ ತಿಳಿದಿರುವಂತೆ ಕುಟುಂಬವೇ ಸಮಾಜದ ಅಡಿಪಾಯ." ಎಷ್ಟು ಗತ್ತಿನ ಸಾಲು! ಪಕ್ಕದಲ್ಲಿ ಕೆಂಪು ಪೆನ್ನು — "ಎಲ್ಲರನ್ನೂ ಕೇಳಿದಿರಾ?" ಎರಡನೇ ಪುಟದಲ್ಲಿ "ತಜ್ಞರ ಪ್ರಕಾರ" ಅಂದಿದ್ದೆ. ಅದಕ್ಕೆ — "ಯಾವ ತಜ್ಞರು? ಹೆಸರಿಲ್ಲದ ತಜ್ಞರು ನಿಮ್ಮ ಸೋದರಮಾವನೂ ಆಗಿರಬಹುದು. ಆಕರ ಕೊಡಿ."

ಒಂಬತ್ತು ವರ್ಷ ಆಮಂತ್ರಣ ಪತ್ರಿಕೆ ಅಂಗಡಿಯಲ್ಲಿ ಕೂತು ಬರೆದವಳು ನಾನು. ಮದುವೆ, ಬೀಳ್ಕೊಡುಗೆ, ಶ್ರದ್ಧಾಂಜಲಿ — ಏನು ಬೇಕಾದರೂ. ನನ್ನ ಶ್ರದ್ಧಾಂಜಲಿ ಓದಿ, ಸತ್ತವನನ್ನು ಕಂಡರೆ ಜನ್ಮದಲ್ಲಿ ಆಗದ ತಮ್ಮ ಕೂಡ ಅತ್ತಿದ್ದಾನೆ. ಅಂಗಡಿ ಮುಚ್ಚಿತು. ಎಲ್ಲರೂ ಮೊಬೈಲಲ್ಲೇ ಕಳಿಸುತ್ತಾರೆ ಈಗ. ಮಕ್ಕಳ ರಕ್ಷಣಾ ಕಚೇರಿಯವರು ಟ್ರೈನಿ ಅಂತ ತಗೊಂಡರು. ಷರತ್ತು ಒಂದೇ: ವರದಿ ಬರೆಯುವ ಈ ಕೋರ್ಸ್ ಪಾಸಾಗಬೇಕು. ನಾನು ಒಳಗೊಳಗೇ ನಕ್ಕಿದ್ದೆ. ಬರೆಯೋದನ್ನ ನನಗೆ ಕಲಿಸ್ತಾರಂತೆ!

ನಗು ಇಳಿದಿದೆ.

ಮನೆಗೆ ಬಂದು ಅತ್ತೆಯ ಹತ್ತಿರ ಗೊಣಗಿದೆ. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇದ್ದು ರಿಟೈರ್ ಆದವರು, ಮಾತು ಯಾವತ್ತೂ ಚುಟುಕು. "ನಿನ್ನ ಮದುವೆ ಪತ್ರಿಕೇಲಿ ನನ್ ಮಗನ್ನ ಸದ್ಗುಣ ಸಂಪನ್ನ ಅಂತ ಬರ್ದಿದ್ದೆ. ಅವತ್ತು ಯಾರಾದ್ರೂ ಆಕರ ಕೇಳಿದ್ರೆ ಏನ್ ಕೊಡ್ತಿದ್ದೆ?" ಇವರು ಪೇಪರ್ ಹಿಂದೆ ಮುಖ ಮುಚ್ಚಿಕೊಂಡರು.

ಜೂನ್ 6, ಗುರುವಾರ

ಮೊದಲ ಸಲ ಒಂಟಿಯಾಗಿ ಭೇಟಿಗೆ ಕೂತೆ. ನಾಲ್ಕು ವರ್ಷದ ಹುಡುಗಿ. ಇಲ್ಲಿ ಪುಟ್ಟಿ ಅಂತ ಬರೆಯುತ್ತೇನೆ. ಜನವರಿಯಿಂದ ನಮ್ಮ ಕೆಳಗಿನ ಮಹಡಿಯ ಮಕ್ಕಳ ನಿಲಯದಲ್ಲಿದ್ದಾಳೆ. ತಾಯಿಗೆ ಹೋಟೆಲಿನ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ, ಆಗ ನೈಟ್ ಶಿಫ್ಟ್. ಮಗು ನಿದ್ದೆ ಹೋದ ಮೇಲೆ ಬೀಗ ಹಾಕಿ ಹೋಗುತ್ತಿದ್ದಳು. ಒಂದು ರಾತ್ರಿ ಮಗು ಎದ್ದು ಚೀರಿ, ಪಕ್ಕದವರು ಫೋನ್ ಮಾಡಿ, ಪುಟ್ಟಿ ನಮ್ಮ ಹತ್ತಿರ ಬಂದಳು. ಈಗ ತಾಯಿ ಹಗಲು ಶಿಫ್ಟಿಗೆ ಬದಲಾಯಿಸಿಕೊಂಡಿದ್ದಾಳೆ. ಅವಳ ಅಕ್ಕ ಪಕ್ಕದ ಬೀದಿಗೇ ಬಂದು ನಿಂತಿದ್ದಾಳೆ. ಮಗು ವಾಪಸ್ ಹೋಗಬೇಕೋ, ಬೇರೆ ಮನೆಗೆ ಸಾಕಲು ಕೊಡಬೇಕೋ — ಜುಲೈ 16ಕ್ಕೆ ಕೋರ್ಟಿನಲ್ಲಿ ತೀರ್ಮಾನ. ಅಲ್ಲಿಯವರೆಗೆ ಗುರುವಾರಕ್ಕೊಂದು ಗಂಟೆ ಭೇಟಿ. ಮೂಲೆಯಲ್ಲಿ ಒಬ್ಬರು ಕೂತು ನೋಡಿ ಬರೆಯಬೇಕು.

ಆ ಒಬ್ಬರು ಇನ್ನು ನಾನು. ನನ್ನ ವರದಿಯೇ ಕೊನೆಯದಾಗಿ ಕೋರ್ಟಿಗೆ ಹೋಗುವುದು.

ಬಂದ ತಕ್ಷಣ ಇಡೀ ಪುಟ ಬರೆದೆ. ಬಹಳ ದಿನದ ಮೇಲೆ ಕೈ ಓಡಿತು. "ಆ ತಾಯಿಯ ಕಣ್ಣುಗಳಲ್ಲಿ ಮಮತೆಯ ಸಾಗರವೇ ಉಕ್ಕುತ್ತಿತ್ತು." ನಾಳೆ ನೋಡಲಿ ಕೆಂಪು ಪೆನ್ನು.

ಜೂನ್ 7, ಶುಕ್ರವಾರ

ನೋಡಿದರು.

ನಮ್ಮ ಕಚೇರಿಯ ಟ್ರೈನಿಗಳ ವರದಿಯನ್ನೆಲ್ಲ ಕೋರ್ಸ್ ಕಲಿಸುವ ಮೇಡಮ್ಮೇ ತಿದ್ದುವುದು. ಅವರು ಸಹಿ ಹಾಕದೆ ಒಂದು ಹಾಳೆಯೂ ಹೊರಗೆ ಹೋಗುವ ಹಾಗಿಲ್ಲ. ಕ್ಲಾಸ್ ಮುಗಿದ ಮೇಲೆ ಕೂರಿಸಿಕೊಂಡರು. ಸಿಟ್ಟಿಲ್ಲ, ದನಿ ಏರಿಸುವುದಿಲ್ಲ — ಅದೇ ಕಷ್ಟ.

"ಸಾಗರ ಯಾವ ಕುರ್ಚಿಯಿಂದ ಕಂಡಿತು?"

"ಮೇಡಂ?"

"ನೀವು ಎಲ್ಲಿ ಕೂತಿದ್ರಿ?"

"ನೀರಿನ ಫಿಲ್ಟರ್ ಪಕ್ಕ."

"ಅಲ್ಲಿಂದ ಆಕೆ ಕಣ್ಣು ಕಾಣುತ್ತಾ?"

ಯೋಚಿಸಿದೆ. ಕಾಣುವುದಿಲ್ಲ. ಬೆನ್ನು ಕಾಣುತ್ತದೆ. ಒಂದು ಕಿವಿ. ಮಡಿಲಲ್ಲಿ ಒಂದರೊಳಗೊಂದು ಸೇರಿಸಿಟ್ಟುಕೊಂಡ ಕೈ.

"ಹಾಗಾದ್ರೆ ಬೆನ್ನು, ಕಿವಿ, ಕೈ ಬರೀರಿ," ಅಂದರು. "ಜಡ್ಜ್ ಆ ಕೋಣೆಗೆ ಬರಲ್ಲ. ನಿಮ್ಮ ಕುರ್ಚೀಲೇ ಅವರನ್ನ ಕೂರಿಸಬೇಕು. ನೀವು ಅವರಿಗೆ ಅಡ್ಡ ನಿಂತು ಹಾಡು ಹೇಳ್ಬಾರ್ದು."

ಹಾಡು! ಮೈ ಉರಿದು ಹೋಯಿತು. ಬಸ್ಸಿನಲ್ಲಿ ಬರುತ್ತಾ ಅವರಿಗೆ ಹತ್ತು ಉತ್ತರ ಕೊಟ್ಟೆ, ಮನಸ್ಸಿನಲ್ಲೇ. ಒಂದಕ್ಕಿಂತ ಒಂದು ಚೆನ್ನಾಗಿದ್ದವು.

ಜೂನ್ 11, ಮಂಗಳವಾರ. ಮಧ್ಯಾಹ್ನ, ಕಚೇರಿಯಲ್ಲಿ

ಸೀನಿಯರ್ ಕರೆದರು. ಮೇಜಿನ ಮೇಲೆ ಫೈಲುಗಳ ಗೋಡೆ, ಆಚೆಯಿಂದ ಬರೀ ಬೋಳು ತಲೆ. "ಬನ್ನಿ ಸಾಹಿತಿಗಳೇ. ಆ ಪುಟ್ಟ ಹುಡುಗಿ ಫೈಲ್ ತುಂಬಾ ತಲೆ ಕೆಡಿಸ್ಕೋಬೇಡಿ. ಹಿಂದಿನ ರಿಪೋರ್ಟ್‌ಗಳಲ್ಲಿ ಎಲ್ಲಾ ಇದೆ. ತಾಯಿಗೆ ಮಗು ಜೊತೆ ಬಂಧ ಇಲ್ಲ ಅಂತ. ಕೊನೇ ಪ್ಯಾರಾ ಎತ್ತಿ ಹಾಕಿ, ತಾರೀಕು ಬದಲಾಯಿಸಿ, ಕೊಡಿ. ಸಾಕೋ ಮನೆ ಕೂಡ ನೋಡಿಟ್ಟಿದೀವಿ. ಒಳ್ಳೆ ಜನ."

ಕೆಟ್ಟವರಲ್ಲ. ಮಧ್ಯಾಹ್ನದ ಊಟದ ಡಬ್ಬಿಯನ್ನು ಸಂಜೆ ತೆರೆಯುವ ಮನುಷ್ಯ. ಆದರೆ "ಬಂಧ ಇಲ್ಲ" ಅಂದದ್ದನ್ನು ಒಪ್ಪಲಾಗಲಿಲ್ಲ. ಮೊನ್ನೆ ಆ ಬೆನ್ನು ನೋಡಿದ್ದೇನೆ ನಾನು. ಸಾಗರವಲ್ಲದಿದ್ದರೂ ಏನೋ ಇತ್ತು.

ಏನೋ ಅಂದರೆ? — ಅಂತ ಕೆಂಪು ಪೆನ್ನು ಕೇಳುತ್ತದೆ. ಈಗೀಗ ತಲೆಯೊಳಗೇ ಕೂತು ಕೇಳುತ್ತದೆ.

ಜೂನ್ 13, ಗುರುವಾರ

ಇವತ್ತು ಹಟ ಹಿಡಿದು ಕಂಡದ್ದನ್ನಷ್ಟೇ ಬರೆದೆ. ಗುಣವಾಚಕಕ್ಕೆ ಉಪವಾಸ.

"ತಾಯಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತರು. ಬಿಸ್ಕತ್ತಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಮಗುವಿನ ಕಡೆ ತಳ್ಳಿದರು. ತಮ್ಮ ಕಟ್ಟಡದ ಬೆಕ್ಕು ಮರಿ ಹಾಕಿದ ವಿಷಯ ಹೇಳಿದರು. ಮರಿಗಳ ಬಣ್ಣ ಯಾವುದೆಂದು ಮಗು ಕೇಳಿತು. ಮಗು ಮರದ ಇಟ್ಟಿಗೆ ಜೋಡಿಸುತ್ತಾ ನೆಲದ ಮೇಲೆ ಜರುಗಿ ತಾಯಿಯ ಹತ್ತಿರ ಬಂದಿತು. ತಾಯಿ ಕಾಲುಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು. ಮಗು ಒಂದು ಇಟ್ಟಿಗೆಯನ್ನು ತಾಯಿಯ ಕುರ್ಚಿಯ ಅಂಚಿನಲ್ಲಿಟ್ಟಿತು. ಮಗು ಕೈ ತೆಗೆದ ಮೇಲೆ ತಾಯಿ ಅದನ್ನು ಎತ್ತಿಕೊಂಡರು. ಭೇಟಿ ಮುಗಿಯುವವರೆಗೆ ಅದು ಅವರ ಕೈಯಲ್ಲಿತ್ತು. ಒಂದು ಗಂಟೆಯಲ್ಲಿ ತಾಯಿ ಮಗುವನ್ನು ಮುಟ್ಟಲಿಲ್ಲ."

ಬರೆದು ಓದಿದೆ. ಕೊನೆಯ ಸಾಲು ಒಂದೇ ಸಾಕು — ಮಗು ಹೋಯಿತು ಅಂತಲೇ. ಹಿಂದಿನವರು ಬರೆದದ್ದಕ್ಕಿಂತ ನನ್ನದೇ ಮೊನಚು. ನಾಲ್ಕು ಒಳ್ಳೆಯ ಮಾತು ಸೇರಿಸಿದರೆ ಯಾರಿಗೆ ಏನು ನಷ್ಟ? ಅಂಗಡಿಯಲ್ಲಿ ಎಂಥೆಂಥವರನ್ನೋ ದೇವರು ಮಾಡಿ ಬರೆದು ಕೊಟ್ಟಿದ್ದೇನೆ.

ಜೂನ್ 14, ಶುಕ್ರವಾರ

ಮೇಡಂ ಹತ್ತಿರ ಜಗಳ. ಜಗಳ ಅಂದರೆ ನಾನೊಬ್ಬಳೇ ಆಡಿದ್ದು.

"ಕಂಡದ್ದು ಬರಿ ಅಂದ್ರಿ, ಬರ್ದಿದೀನಿ. ಈ ಹಾಳೆ ಹೋದ್ರೆ ಆ ಹೆಂಗಸು ಮುಳುಗಿ ಹೋಗ್ತಾಳೆ. ಇದೇನಾ ನೀವು ಕಲಿಸೋ ವಿದ್ಯೆ?"

ಓದಿದರು. ಎರಡು ಸಲ. ಕೆಂಪು ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಆಮೇಲೆ, "ಇದು ಚೆನ್ನಾಗಿದೆ" ಅಂದರು. ನಾಲ್ಕು ತಿಂಗಳಲ್ಲಿ ಮೊದಲ ಸಲ! ನನಗೆ ಸಂತೋಷವನ್ನೂ ಪಡಲಾಗದಂಥ ಹೊತ್ತಿನಲ್ಲಿ.

"ಈಗ ಇದನ್ನ ಆಕೆಗೆ ಓದಿ ಹೇಳಿ."

"ಯಾರಿಗೆ?"

"ತಾಯಿಗೆ. ಯಾರ ಬಗ್ಗೆ ಬರೆದಿದೀರೋ ಅವರ ಮುಂದೆ ಕೂತು ಓದಬೇಕು, ಆಮೇಲೇ ಕಳಿಸಬೇಕು. ನಾನು ಕೆಲಸಕ್ಕೆ ಸೇರಿದಾಗ ಅದು ನಿಯಮ. ಟೈಮಿಲ್ಲ ಅಂತ ಎಲ್ಲಾ ಕಡೆ ಬಿಟ್ಟುಬಿಟ್ರು. ನನ್ನ ಟ್ರೈನಿಗಳು ಬಿಡೋ ಹಾಗಿಲ್ಲ."

"ಅವಳ ಮುಖ ನೋಡ್ಕೊಂಡು 'ಮುಟ್ಟಲಿಲ್ಲ' ಅಂತ ಓದ್ಲಾ?"

"ಮುಖ ನೋಡಿ ಓದೋಕಾಗದೇ ಇರೋದನ್ನ ಬೆನ್ನ ಹಿಂದೆ ಯಾಕೆ ಬರೀಬೇಕು?"

ಈ ಸಲ ಬಸ್ಸಿನಲ್ಲಿ ಉತ್ತರ ಹುಡುಕದೆ ಆ ಹಾಳೆಯನ್ನೇ ಮತ್ತೆ ಓದಿದೆ.

ಜೂನ್ 18, ಮಂಗಳವಾರ

ಕ್ಲಾಸಿನಲ್ಲಿ ಆಕರದ ಪಾಠ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು, ಅವರನ್ನು ನೋಡಿ ಮತ್ತೊಬ್ಬರು ಬರೆದರೆ ಅದು ಮೂರು ಆಕರ ಅಲ್ಲ, ಒಂದೇ. ಮೂಲಕ್ಕೆ ಹೋಗಿ, ಅಲ್ಲೇನಿದೆ ನೋಡಿ ಅಂದರು. ನಾನು ಕೋರ್ಸಿನ ಪ್ರಬಂಧಕ್ಕೆ ಅಂತ ಬರೆದುಕೊಳ್ಳುತ್ತಿದ್ದೆ. ಅರ್ಧದಲ್ಲಿ ಪೆನ್ನು ನಿಂತಿತು.

ಪುಟ್ಟಿಯ ಫೈಲ್!

ಬೆಳಗ್ಗೆ ಓದಿದ್ದು ಕಣ್ಣ ಮುಂದೆ ಬಂತು. ಮೇ ವರದಿ — "ಹಿಂದಿನ ವರದಿಯಲ್ಲಿ ತಿಳಿಸಿದಂತೆ ಭಾವನಾತ್ಮಕ ಬಂಧದ ಕೊರತೆ." ಏಪ್ರಿಲ್ — "ಈಗಾಗಲೇ ದಾಖಲಾಗಿರುವಂತೆ." ಮಾರ್ಚ್, ಫೆಬ್ರವರಿ — ಅದೇ. ಎಲ್ಲರೂ ಒಬ್ಬರ ಹೆಗಲ ಮೇಲೊಬ್ಬರು ಕೈ ಇಟ್ಟು ರೈಲು ಬಿಟ್ಟಿದ್ದಾರೆ. ಇಂಜಿನ್ ಜನವರಿಯದ್ದು, ಆಮೇಲೆ ವರ್ಗವಾಗಿ ಹೋದ ಅಧಿಕಾರಿಯದ್ದು. ಮೊದಲ ಭೇಟಿ. ಅಲ್ಲಿರುವುದು ಒಂದೇ ಸಾಲು: ತಾಯಿ ಮಗುವನ್ನು ಮುಟ್ಟಲಿಲ್ಲ, ಆದ್ದರಿಂದ ಬಂಧ ದುರ್ಬಲ.

ಆ "ಆದ್ದರಿಂದ" ಯಾವ ಕುರ್ಚಿಯಿಂದ ಕಂಡಿತು? ತಾಯಿಯನ್ನು ಯಾರಾದರೂ ಕೇಳಿದರಾ?

ಪಕ್ಕದವಳು ಮೊಣಕೈಯಲ್ಲಿ ತಿವಿದು, "ಏನೇ, ಬೆಂಚಲ್ಲಿ ಕೂತೇ ಕಳೆದುಹೋದೆ?" ಅಂದಳು.

ಜೂನ್ 20, ಗುರುವಾರ. ಸಂಜೆ ಐದು

ಒಂದು ಮಾತೂ ಮರೆಯುವ ಮೊದಲು ಬರೆದುಬಿಡಬೇಕು.

ಭೇಟಿ ಮುಗಿಯಿತು. ಇವತ್ತೂ ಅದೇ: ಮಗು ಜರುಗಿ ಬಂತು, ಕಾಲು ಒಳಗೆ ಹೋಯಿತು. ಆಯಾ ಬಂದು ಪುಟ್ಟಿಯನ್ನು ಕೆಳಗೆ ಕರೆದುಕೊಂಡು ಹೋದಳು. ತಾಯಿ ಚೀಲ ಎತ್ತಿಕೊಂಡು ಎದ್ದಳು. "ಒಂದ್ನಿಮಿಷ ಕೂತ್ಕೊಳ್ಳಿ. ಹೋದ ವಾರ ಬರ್ದಿದ್ದನ್ನ ಓದ್ತೀನಿ. ತಪ್ಪಿದ್ರೆ ಹೇಳಿ" ಅಂದೆ. ಅವಳು ಕುರ್ಚಿಯ ತುದಿಯಲ್ಲಿ ಕೂತಳು, ಪರೀಕ್ಷೆ ಫಲಿತಾಂಶಕ್ಕೆ ಕೂತ ಹಾಗೆ. ನಾನು ಎದುರು ಕೂತೆ. ಮೊದಲ ಸಲ ಅವಳ ಕಣ್ಣು ಕಂಡವು.

ಓದಿದೆ. ಬೆಕ್ಕಿನ ಮರಿ ಬಂದಾಗ ಸಣ್ಣಗೆ ನಕ್ಕಳು. "ಬೂದು ಬಣ್ಣದ್ದೂ ಒಂದಿದೆ" ಅಂದಳು. ಕಾಲು ಎಳೆದುಕೊಂಡ ಸಾಲಿಗೆ ತಲೆಯಾಡಿಸಿದಳು. ಕೊನೆಯ ಸಾಲಿಗೆ ಬಂದೆ. "ಒಂದು ಗಂಟೆಯಲ್ಲಿ ತಾಯಿ ಮಗುವನ್ನು ಮುಟ್ಟಲಿಲ್ಲ."

ಅಳುತ್ತಾಳೆ ಅಂದುಕೊಂಡೆ. ಬೈಯುತ್ತಾಳೆ ಅಂದುಕೊಂಡೆ.

ಅವಳ ಮುಖ ಅರಳಿತು.

"ಹೌದು ಮೇಡಂ! ಸರಿಯಾಗ್ ಬರ್ದಿದೀರ. ಒಂದ್ ಸಲಾನೂ ಮುಟ್ಟಿಲ್ಲ. ಜನವರಿಯಿಂದ ಒಂದೇ ಒಂದ್ ಸಲಾನೂ ತಪ್ಪಿಲ್ಲ ನಾನು. ಅದನ್ನೂ ಸೇರ್ಸಿ. ಕೋರ್ಟಲ್ಲಿ ಓದ್ತಾರಲ್ವಾ?"

ಅರ್ಥವಾಗಲಿಲ್ಲ. "ಯಾಕೆ ಮುಟ್ಟಲ್ಲ ನೀವು?"

ನನ್ನನ್ನೇ ನೋಡಿದಳು, ಇದೆಂಥ ಪ್ರಶ್ನೆ ಅನ್ನುವ ಹಾಗೆ. "ಮುಟ್ಬೇಡಿ ಅಂದಿದ್ರಲ್ಲ. ಮೊದಲನೇ ದಿನ, ಆ ಬಿಳಿ ಕೋಟಿನೋರು. 'ನಾವು ಹೇಳೋವರ್ಗೂ ಮಗೂನ ಮುಟ್ಬೇಡಿ' ಅಂತ. ಇನ್ನೂ ಯಾರೂ ಹೇಳಿಲ್ಲ." ಆಮೇಲೆ ಮೆತ್ತಗೆ, "ಅವಳು ಹತ್ರ ಬಂದಾಗ ಬಾಳ ಕಷ್ಟ ಆಗುತ್ತೆ. ಅದಕ್ಕೇ ಕಾಲು ಒಳಗಿಟ್ಕೊತೀನಿ. ಗೊತ್ತಾಗ್ದೆ ತಗುಲ್ಬಿಟ್ರೆ? ತಪ್ಪು ಮಾಡಿದ್ಲು ಅಂತ ಕೊಡ್ದೇ ಹೋದ್ರೆ?"

ಐದು ತಿಂಗಳು. ಐದು ತಿಂಗಳಿಂದ ಮಗು ಕಾಲ ಬುಡಕ್ಕೆ ಬರುತ್ತಿದೆ, ಇವಳು ಉಸಿರು ಬಿಗಿ ಹಿಡಿದು ಕಾಲು ಎಳೆದುಕೊಳ್ಳುತ್ತಿದ್ದಾಳೆ. ನಾವು ಅದನ್ನು ಬಂಧದ ಕೊರತೆ ಅಂತ ಬರೆದು ಸೀಲು ಒತ್ತುತ್ತಿದ್ದೇವೆ.

ಮುಟ್ಟಬಹುದು ಅಂತ ಅಲ್ಲೇ ಹೇಳಿಬಿಡೋಣ ಅನಿಸಿತು. ಹೇಳಲಾಗಲಿಲ್ಲ. ಯಾಕೆ ಬೇಡ ಅಂದಿದ್ದರೋ, ಏನೋ. ಬಿಳಿ ಕೋಟು ಅಂದರೆ ನಿಲಯದ ನರ್ಸ್, ಅವರು ಆಗಲೇ ಮನೆಗೆ ಹೋಗಿದ್ದರು. "ನಾನು ವಿಚಾರಿಸಿ ಹೇಳ್ತೀನಿ" ಅಂದೆ. ಆಯ್ತು ಮೇಡಂ ಅಂದಳು, ಐದು ತಿಂಗಳಿಂದ ಎಲ್ಲರಿಗೂ ಅಂದ ಹಾಗೆ. ಮೆಟ್ಟಿಲಿಳಿದು ಹೋದಳು. ನನಗೆ ಸಿಟ್ಟು, ದುಃಖ, ನಾಚಿಕೆ — ಎಲ್ಲಾ ಒಟ್ಟಿಗೆ.

ಜೂನ್ 21, ಶುಕ್ರವಾರ. ಬೆಳಗ್ಗೆ

ನರ್ಸಮ್ಮ ಔಷಧದ ಬೀರು ತೆಗೆಯುವ ಮೊದಲೇ ಹೋಗಿ ಎದುರು ನಿಂತೆ. ಕೇಳಿದೆ. ಹಣೆ ಗಂಟಿಕ್ಕಿ ಯೋಚಿಸಿದರು.

"ಹೌದು, ನಾನೇ ಹೇಳಿದ್ದು. ಆ ಮಗು ಬಂದಾಗ ಮೈಯೆಲ್ಲಾ ಕಜ್ಜಿ. ಮುಲಾಮು ಹಚ್ಚಿದ್ವಿ, ಅಂಟತ್ತೆ ಅಂತ ಮುಟ್ಬೇಡಿ ಅಂದೆ. ಒಂದ್ ವಾರಕ್ಕೆ! ಆಮೇಲೆ ವಾಸಿ ಆಯ್ತಲ್ಲ."

"ತಾಯಿಗೆ ಹೇಳಿದ್ರಾ?"

"ಅದು ಮೇಲಿನೋರ ಕೆಲಸ ಅಲ್ವಾ... ಯಾಕೆ, ಏನಾಯ್ತು?"

ಹೇಳಿದೆ. ಕೈಯಲ್ಲಿದ್ದ ಬೀಗದ ಕೈ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತುಬಿಟ್ಟರು. "ನಾನೇ ಬರ್ದು ಸಹಿ ಹಾಕಿ ಕೊಡ್ತೀನಿ ಕಣಮ್ಮ. ಎಲ್ಲಿಗೆ ಕರೆದ್ರೂ ಬಂದು ಹೇಳ್ತೀನಿ."

ಅದೇ ದಿನ, ಮಧ್ಯಾಹ್ನ

ಸೀನಿಯರ್ ಮುಂದೆ ಹೋದೆ. ಎಲ್ಲಾ ಕೇಳಿದರು. ಫೈಲುಗಳ ಗೋಡೆ ಸರಿಸಿದರು. ಮೊದಲ ಸಲ ಪೂರ್ತಿ ಮುಖ ಕಂಡಿತು. ಬಾಡಿದ ಮುಖ.

"ಇದನ್ನ ಬರ್ದ್ರೆ ನಮ್ಮ ಐದೂ ರಿಪೋರ್ಟು ತಪ್ಪು ಅಂತ ಆಗತ್ತೆ. ಮೂರಕ್ಕೆ ನಂದೇ ಸಹಿ."

"ಬರೀದೇ ಇದ್ರೆ ಆರನೇದೂ ತಪ್ಪಾಗತ್ತೆ ಸಾರ್. ಅದಕ್ಕೆ ನಂದು ಸಹಿ."

ನನ್ನ ಬಾಯಿಂದಲೇ ಬಂತಾ ಇದು? ಬಂತು. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಬರೀರಿ. ಮೇಡಂ ಒಪ್ಪಿದ್ರೆ ನಾನೂ ಒಪ್ತೀನಿ. ಆದ್ರೆ ಸಾಹಿತ್ಯ ಬೇಡ ತಾಯಿ. ಒಂದು ಪದ ಜಾಸ್ತಿ ಆದ್ರೂ ಕೋರ್ಟಲ್ಲಿ ಎಳೆದಾಡ್ತಾರೆ."

ಜೂನ್ 27, ಗುರುವಾರ

ಹೇಗೆ ಬರೆಯಲಿ.

ಬಾಗಿಲಲ್ಲೇ ಹೇಳಿದೆ. "ಇವತ್ತಿಂದ ಪುಟ್ಟೀನ ಮುಟ್ಟಬಹುದು. ಮೊದಲೇ ಹೇಳ್ಬೇಕಿತ್ತು, ನಾವು ಹೇಳ್ಲಿಲ್ಲ. ತಪ್ಪು ನಮ್ದು." ನಂಬಲಿಲ್ಲ. "ಸುಮ್ನೆ ಹೇಳ್ತಿಲ್ಲ ತಾನೆ? ಆಮೇಲೆ ರಿಪೋರ್ಟಲ್ಲಿ..." ಅಂದಳು. ನರ್ಸಮ್ಮನನ್ನೇ ಮೇಲೆ ಕರೆಸಿದೆ. ಅವರೂ ಹೇಳಿದರು.

ಅವಳು ಮೊದಲು ಕೈ ತೊಳೆದಳು. ಮೊಣಕೈವರೆಗೆ, ಸೋಪು ಹಚ್ಚಿ. ಒರೆಸಿಕೊಂಡಳು. ಆಮೇಲೆ ಕುರ್ಚಿಯಲ್ಲಿ ಕೂರಲಿಲ್ಲ, ನೆಲದ ಮೇಲೆ ಕೂತಳು. ಕಾಲು ಚಾಚಿದಳು. ಕಾಯುತ್ತಾ ಕೂತಳು.

ಪುಟ್ಟಿ ಇಟ್ಟಿಗೆ ಹಿಡಿದು ನಿಂತೇ ಇದ್ದಳು. ಆ ಚಾಚಿದ ಕಾಲನ್ನು ನೋಡಿದಳು. ನನ್ನ ಕಡೆ ತಿರುಗಿ, ತುಂಬಾ ಗಂಭೀರವಾಗಿ, "ಮುಟ್ಬಾರ್ದು ಅಲ್ವಾ ಆಂಟಿ?" ಅಂದಳು.

ಮಗುವೂ ಪಾಲಿಸುತ್ತಿತ್ತು! ಅದಕ್ಕೂ ಗೊತ್ತಿತ್ತು!

ವೀಕ್ಷಕರು ಮಾತಾಡಬಾರದು ಅಂತ ನಿಯಮ. ಹಾಳಾಗಿ ಹೋಗಲಿ. "ಮುಟ್ಬೋದು ಪುಟ್ಟಿ" ಅಂದೆ.

ಒಂದು ಬೆರಳಿನಿಂದ ಅಮ್ಮನ ಹೆಬ್ಬೆರಳು ಮುಟ್ಟಿದಳು. ಕಾಲಿನದ್ದು. ಏನೂ ಆಗಲಿಲ್ಲ ಅಂತ ಖಾತ್ರಿಯಾದ ಮೇಲೆ ಇಡೀ ಪಾದ ಹಿಡಿದುಕೊಂಡಳು. ಇಟ್ಟಿಗೆ ಬಿದ್ದುಹೋಯಿತು. ಆಮೇಲೆ ಮಡಿಲು. ಆಮೇಲೆ ಇಬ್ಬರೂ ಎಲ್ಲಿ ಶುರು ಎಲ್ಲಿ ಮುಗಿಯುವುದು ಅಂತ ನನ್ನ ಕುರ್ಚಿಯಿಂದ ಕಾಣಲಿಲ್ಲ. ಕಣ್ಣು ತುಂಬಿತ್ತು — ನನ್ನದು.

ಜೂನ್ 30, ಭಾನುವಾರ

ಬೆಳಗಿನಿಂದ ಊಟದ ಮೇಜಿನ ಮೇಲೆ ಈ ಒಂದೇ ಹಾಳೆ. ಪದಗಳು ಬಾಗಿಲು ಬಡಿಯುತ್ತಿವೆ — ಹೃದಯವಿದ್ರಾವಕ, ಅನಿರ್ವಚನೀಯ, ಕರುಳಿನ ಕರೆ. ಒಂಬತ್ತು ವರ್ಷ ಸಾಕಿದ ಪದಗಳು, ಬಾ ಅಂದರೆ ಓಡಿ ಬರುತ್ತವೆ. ಒಂದನ್ನೂ ಒಳಗೆ ಬಿಡಲಿಲ್ಲ. ಕೈ ತೊಳೆದದ್ದು ಬರೆದೆ. ನೆಲದ ಮೇಲೆ ಕೂತದ್ದು. ಕಾಲು ಚಾಚಿದ್ದು. ಮಗು ಕೇಳಿದ ಮಾತು, ನಾನು ನಿಯಮ ಮುರಿದು ಕೊಟ್ಟ ಉತ್ತರ.

ಒಂದು ಕಡೆ ಸಿಕ್ಕಿಕೊಂಡೆ. ಮಗು ಮಡಿಲೇರಿದ ಮೇಲೆ ಸ್ವಲ್ಪ ಹೊತ್ತು ನನ್ನ ಟಿಪ್ಪಣಿಯಲ್ಲಿ ಏನೂ ಇಲ್ಲ. ಖಾಲಿ. ಏನಾದರೂ ತುಂಬಿಸಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಇದ್ದದ್ದನ್ನೇ ಬರೆದೆ: "ಇಲ್ಲಿ ಸ್ವಲ್ಪ ಸಮಯದ ಟಿಪ್ಪಣಿ ಇಲ್ಲ. ವೀಕ್ಷಕಿ ಬರೆಯುವ ಸ್ಥಿತಿಯಲ್ಲಿರಲಿಲ್ಲ."

ಅತ್ತೆ ಎರಡು ಸಲ ಟೀ ತಂದಿಟ್ಟರು, ಎರಡು ಸಲ ಆರಿದ್ದನ್ನು ಎತ್ತಿಕೊಂಡು ಹೋದರು. ಏನು ಬರೀತಿದೀಯ ಅಂತ ಕೇಳಲಿಲ್ಲ. "ನಾನೂ ಮೂವತ್ತು ವರ್ಷ ಬೇರೆಯೋರ ಮಾತು ಕಿವೀಲಿಟ್ಕೊಂಡಿದ್ದೋಳು" ಅಂದರು, ಅಷ್ಟೆ. ಇವರು ತರಕಾರಿ ಹೆಚ್ಚಿಕೊಟ್ಟರು. ಸದ್ಗುಣ ಸಂಪನ್ನ ಅನ್ನಲು ಇವತ್ತೊಂದು ಆಕರ ಸಿಕ್ಕಿತು.

ಜುಲೈ 2, ಮಂಗಳವಾರ

ಹಾಳೆ ಬಿಳಿ!

ತಿರುಗಿಸಿ ಮುರುಗಿಸಿ ನೋಡಿದೆ. ಎಲ್ಲೂ ಕೆಂಪಿಲ್ಲ. "ವೀಕ್ಷಕಿ ಬರೆಯುವ ಸ್ಥಿತಿಯಲ್ಲಿರಲಿಲ್ಲ" — ಅದರ ಪಕ್ಕ ಪೆನ್ಸಿಲಿನಲ್ಲಿ ಮಾತ್ರ, ಸಣ್ಣಕ್ಷರದಲ್ಲಿ: "ಇದೂ ಕಂಡದ್ದೇ. ಇರಲಿ." ಕೊನೆಯಲ್ಲಿ ಸಹಿ.

"ತಾಯಿಗೆ ಓದಿದ್ರಾ?" ಅಂದರು.

"ಗುರುವಾರ ಓದ್ತೀನಿ."

"ಓದಿ. ಆಮೇಲೆ ಕಳಿಸಿ."

ಹೊರಗೆ ಬಂದವಳು ಕಾರಿಡಾರಿನಲ್ಲಿ ಪಕ್ಕದ ಬೆಂಚಿನವಳನ್ನು ತಬ್ಬಿಕೊಂಡುಬಿಟ್ಟೆ. "ಏನ್ ಬಂತೇ ನಿಂಗೆ?" ಅಂದಳು. ಬಂದದ್ದನ್ನು ಹೇಳುವ ಹಾಗಿಲ್ಲ. ಹಾಳೆ ಬಿಳಿ ಅಂತ ಮಾತ್ರ ಹೇಳಿದೆ. ಅವಳು ಕುಣಿದಳು.

ಜುಲೈ 16, ಮಂಗಳವಾರ

ಗೆದ್ದೆವು. ಗೆದ್ದೆವು, ಗೆದ್ದೆವು, ಗೆದ್ದೆವು.

ಕ್ರಮವಾಗಿ ಬರೆಯಬೇಕು. ಸಣ್ಣ ಕೋಣೆ, ಉದ್ದ ಮೇಜು, ಕಿರ್ ಅನ್ನುವ ಫ್ಯಾನು. ನಾನು ಎರಡನೇ ಸಾಲಿನ ಕುರ್ಚಿ, ಬಲತುದಿ. ಅಲ್ಲಿಂದ ಜಡ್ಜ್ ಅಮ್ಮನ ಮುಖ ಚೆನ್ನಾಗಿ ಕಾಣುತ್ತಿತ್ತು. (ಹೌದು, ನೋಡಿಯೇ ಕೂತೆ.) ವರದಿ ಓದುತ್ತಾ ಓದುತ್ತಾ ಒಂದು ಕಡೆ ನಿಂತರು. ಕನ್ನಡಕದ ಮೇಲಿಂದ ನೋಡಿದರು.

"ವೀಕ್ಷಕಿ ಬರೆಯುವ ಸ್ಥಿತಿಯಲ್ಲಿರಲಿಲ್ಲ. ಯಾರು ಈ ವೀಕ್ಷಕಿ?"

ಎದ್ದು ನಿಂತೆ.

"ಯಾಕೆ ಇರಲಿಲ್ಲ?"

"ಅಳ್ತಿದ್ದೆ ಮೇಡಂ."

ಯಾರೋ ಕೆಮ್ಮಿದರು. ಜಡ್ಜ್ ಅಮ್ಮ ತಲೆಯಾಡಿಸಿ ಮುಂದೆ ಓದಿದರು. ಮುಗಿಸಿ, ಸೀನಿಯರ್ ಕಡೆ ತಿರುಗಿದರು. "ಹಿಂದಿನ ಐದು ವರದಿಗಳಲ್ಲಿ ಬಂಧ ಇಲ್ಲ ಅಂತ ಇದೆ. ಅದಕ್ಕೆ ಆಧಾರ ಏನು?"

ಸೀನಿಯರ್ ಎದ್ದರು. ಫೈಲ್ ತೆರೆಯಲೂ ಇಲ್ಲ. "ಆಧಾರ ಇಲ್ಲ ಮೇಡಂ. ಒಂದನ್ನ ನೋಡಿ ಒಂದು ಬರ್ದಿದೀವಿ. ತಾಯಿನ ಕೇಳಿರ್ಲಿಲ್ಲ. ಈ ಸಲ ಕೇಳಿದೀವಿ." ನಾನು ಆ ಬೋಳು ತಲೆಗೆ ಮನಸ್ಸಿನಲ್ಲೇ ಕೈ ಮುಗಿದೆ. ಆ ಮಾತಿಗೆ ಎಷ್ಟು ಎದೆ ಬೇಕು ಅಂತ ನನಗೆ ಗೊತ್ತು.

ನರ್ಸಮ್ಮ ಹೇಳಿದರು. ಅಕ್ಕ ಬಂದು, ತಂಗಿ ಬರುವುದು ತಡವಾದರೆ ಮಗು ನನ್ನ ಮನೆಯಲ್ಲಿರುತ್ತೆ ಅಂದಳು. ಹಗಲು ಶಿಫ್ಟಿನ ಪತ್ರ ನೋಡಿದರು. ಆದೇಶ: ಮಗು ತಾಯಿಯ ಜೊತೆ ಹೋಗಬಹುದು. ಇವತ್ತೇ. ತಿಂಗಳಿಗೊಮ್ಮೆ ಕಚೇರಿಯವರು ಮನೆಗೆ ಹೋಗಿ ನೋಡಿ ಬರಬೇಕು.

ಹೊರಗೆ ಕಾರಿಡಾರಿನಲ್ಲಿ ಆಯಾ ಪುಟ್ಟಿಯನ್ನು ಕರೆದುಕೊಂಡು ನಿಂತಿದ್ದಳು. ತಾಯಿ ಬಾಗಿಲು ದಾಟಿದವಳು ಅಲ್ಲೇ ನಿಂತಳು. ನನ್ನ ಕಡೆ ತಿರುಗಿದಳು.

"ಮೇಡಂ... ಈಗ ಎತ್ಕೋಬೋದಾ?"

ಇಷ್ಟಾದ ಮೇಲೂ ಕೇಳುತ್ತಾಳೆ! ಕರುಳು ಹಿಂಡಿತು. (ಹಿಂಡಿತು, ಅದಕ್ಕೆ ನಾನೇ ಆಕರ.) "ಇನ್ಮೇಲೆ ಯಾರನ್ನೂ ಕೇಳ್ಬೇಡಿ," ಅಂದೆ. "ನನ್ನನ್ನೂ."

ಎತ್ತಿಕೊಂಡಳು.

ಸೀನಿಯರ್ ಬಸ್ ಸ್ಟಾಪಿನವರೆಗೂ ಜೊತೆಗೆ ಬಂದರು. "ನಾಳೆಯಿಂದ ಎಲ್ಲಾ ಫೈಲೂ ಓದಿ ಹೇಳಿ ಕಳಿಸೋಣ" ಅಂದರು. "ಟೈಮ್ ಎಲ್ಲಿಂದ ಬರತ್ತೋ ಗೊತ್ತಿಲ್ಲ." ಆಮೇಲೆ ಡಬ್ಬಿ ತೆಗೆದು, ನಿಂತಲ್ಲೇ ಊಟ ಮಾಡಿದರು. ಮಧ್ಯಾಹ್ನದ ಊಟ, ಮಧ್ಯಾಹ್ನವೇ.

ಜುಲೈ 26, ಶುಕ್ರವಾರ

ಪಾಸು. ಪ್ರಬಂಧಕ್ಕೂ ಒಳ್ಳೆ ಅಂಕ — ಎಲ್ಲಾ ಆಕರ ಕೊಟ್ಟಿದ್ದೇನೆ, ಒಬ್ಬ ಸೋದರಮಾವನೂ ಇಲ್ಲ. ಕೆಲಸ ಖಾಯಂ ಆಯಿತು. ಮೇಡಂ ಕೈ ಕುಲುಕಿ ಒಂದು ಪೆನ್ನು ಕೊಟ್ಟರು. ಮುಚ್ಚಳ ತೆಗೆದು ನೋಡಿದೆ. ಕೆಂಪು.

"ಮುಂದಿನ ಟ್ರೈನಿಗಳನ್ನ ನಿಮ್ಮ ಹತ್ರ ಕೂರಿಸ್ತಾರಂತೆ" ಅಂದರು. ಎದೆ ಉಬ್ಬಿ ಬಸ್ಸಿನ ಎರಡು ಸೀಟು ಬೇಕಾಯಿತು. ಮನೆಯಲ್ಲಿ ಅತ್ತೆ ಪೆನ್ನು ನೋಡಿ, "ನನ್ ಅಡುಗೆ ಮೇಲೆ ಬರೀಬೇಡ" ಅಂದರು.

ಆಗಸ್ಟ್ 14, ಬುಧವಾರ. ಸಂಜೆ

ಮೊದಲ ಮನೆ ಭೇಟಿ. ಮೂರನೇ ಮಹಡಿ. ಒಂದೇ ಕೋಣೆ, ಒಗೆದ ಬಟ್ಟೆಯ ವಾಸನೆ. ಕಿಟಕಿಯ ಕೆಳಗೆ ರಟ್ಟಿನ ಡಬ್ಬಿಯಲ್ಲಿ ಬೂದು ಬೆಕ್ಕಿನ ಮರಿ. ಕಚೇರಿಯ ಟಿಪ್ಪಣಿ ಮುಗಿಯಿತು, ತಾಯಿಗೆ ಓದಿಯೂ ಆಯಿತು. "ಮೇಡಂ, ಬೆಕ್ಕಿಗೆ ಹಾಲು ಹಾಕಿದ್ದು ಬಿಟ್ಟಿದೀರ" ಅಂದಳು. ತಿದ್ದಿದಳು ನನ್ನನ್ನ! ಸೇರಿಸಿದೆ. ಈಗ ಟೀ ಮಾಡುತ್ತಿದ್ದಾಳೆ. ಬೇಡ ಅಂದರೂ ಕೇಳಲಿಲ್ಲ, ಕೇಳದೇ ಇರುವುದು ನೋಡಿ ಖುಷಿಯಾಯಿತು. ಅಷ್ಟರಲ್ಲಿ ಇದನ್ನು ಬರೆದುಕೊಳ್ಳುತ್ತಿದ್ದೇನೆ.

ಕುರ್ಚಿ ಇಲ್ಲ. ಚಾಪೆಯ ಮೇಲೆ ಕೂತಿದ್ದೇನೆ. ಪುಟ್ಟಿ ಬಂದು ಹೇಳದೆ ಕೇಳದೆ ನನ್ನ ಮಡಿಲೇರಿದಳು. ಇಲ್ಲಿಂದ ಏನೂ ಕಾಣುತ್ತಿಲ್ಲ, ಅವಳ ಕೂದಲು ಬಿಟ್ಟರೆ. ಅದರಲ್ಲಿ ಸೋಪಿನ ವಾಸನೆ, ಒಂದು ಬಿಸ್ಕತ್ತಿನ ಚೂರು.

"ಅಮ್ಮ ಬೆಳಿಗ್ಗೆ ಎದ್ದ ತಕ್ಷಣ ಮುಟ್ತಾಳೆ. ಮಲಗೋವಾಗ್ಲೂ ಮುಟ್ತಾಳೆ. ಬರ್ಕೊಂಡ್ರಾ ಆಂಟಿ?"

ಬರ್ಕೊಂಡೆ.

ಸರಿಯಾಗಿ ಬರೆದಿದ್ದೇನೋ ಇಲ್ಲವೋ ಅಂತ ಬಗ್ಗಿ ನೋಡುತ್ತಿದ್ದಾಳೆ. ಓದಲು ಬರುವುದಿಲ್ಲ, ಆದರೂ ಬೆರಳಿಟ್ಟು ತಲೆಯಾಡಿಸುತ್ತಾಳೆ. ಇನ್ನೊಂದಿದೆಯಂತೆ. ಅದನ್ನು ಅವಳೇ ಬರೆಯುತ್ತಾಳಂತೆ. ಪೆನ್ನಿಗೆ ಕೈ ಹಾಕಿದ್ದಾಳೆ, ತಡಿ ಪುಟ್ಟಿ ಅಂದರೂ ಬಿಡುತ್ತಿ—